ಕಡಲ ಬದಿಯ ಪ್ಲಾಸ್ಟಿಕ್ ಎಣಿಸಲು ಕೊಂಡ ಸಾಮಾನು: ಒಂದು ವರ್ಷ ಬಳಸಿದ ಮೇಲೆ

ನಾನು ಮೀನುಗಾರರ ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವಳು. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಕಡಲ ಬದಿ ನಡೆಯುವ ಅಭ್ಯಾಸ ಆಯಿತು. ಮನೆ ಕಾಪುವಿಗೂ ಮಲ್ಪೆಗೂ ನಡುವೆ. ಗಾಳಿಮರದ ಸಾಲು ದಾಟಿದರೆ ಹೊಯ್ಗೆ, ಅಂದರೆ ಮರಳು. ಅಲ್ಲಿ ಬಿದ್ದ ಪ್ಲಾಸ್ಟಿಕ್ ನೋಡಿ ಊರಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಟೂರಿಸ್ಟರು ಬಂದು ಹಾಳು ಮಾಡಿದರು." ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಲೆಕ್ಕ ಬರೆದ ಕೈಗೆ ಅದು ಒಪ್ಪಲಿಲ್ಲ. ವೋಚರ್ ಇಲ್ಲದೆ ಯಾರ ಖಾತೆಗೂ ಖರ್ಚು ಹಾಕಬಾರದು, ಅಲ್ವಾ?

ಹಾಗಾಗಿ 2025ರ ಫೆಬ್ರವರಿಯಲ್ಲಿ ಕೆಲವು ಸಾಮಾನು ಕೊಂಡೆ. ಅಳತೆ ಟೇಪು, ತೂಗುವ ಡಿಜಿಟಲ್ ತಕ್ಕಡಿ, ಎರಡು ಜರಡಿ, ಒಂದು ಭೂತಗನ್ನಡಿ, ಕ್ಲಿಪ್ ಇರುವ ಬರೆಯುವ ಹಲಗೆ. ಬಕೆಟ್ ಮನೆಯಲ್ಲೇ ಇತ್ತು. ಫೋನಿಗೆ ಒಂದು ಆ್ಯಪ್. ಎಲ್ಲ ಸೇರಿ ಸುಮಾರು 1,300 ರೂಪಾಯಿ. ಇವುಗಳಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಬರೆಯುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಬೀಚ್ ಸ್ವಚ್ಛ ಮಾಡುವ ಗುಂಪುಗಳು ತುಂಬಾ ಇವೆ. ಚೀಲ ತುಂಬುತ್ತೇವೆ, ಫೋಟೋ ತೆಗೆಯುತ್ತೇವೆ, ಮನೆಗೆ ಹೋಗುತ್ತೇವೆ. ಎಣಿಸುವವರು ಕಡಿಮೆ. ಎಣಿಸಬೇಕು ಅಂತ ಮನಸ್ಸಿರುವವರಿಗೆ ಇದು ಉಪಯೋಗವಾಗಲಿ.

ಮೊದಲು ವಿಧಾನದ ಬಗ್ಗೆ ಹೇಳಬೇಕು. ಅದಕ್ಕೆ ದುಡ್ಡಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯ ಅದೇ. ಕಡಲು ಮತ್ತು ಹವಾಮಾನದ ಕೆಲಸ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ 2013ರಲ್ಲಿ ಒಂದು ಕೈಪಿಡಿ ತಂದಿತು. ನಾನು ಅದನ್ನೇ ಹಿಡಿದುಕೊಂಡೆ. ಬೀಚಿನ 100 ಮೀಟರ್ ಉದ್ದ ಗುರುತು ಮಾಡಿ. ಅದನ್ನು 5 ಮೀಟರಿನ 20 ಪಟ್ಟಿ ಮಾಡಿ. ಅದರಲ್ಲಿ ನಾಲ್ಕು ಪಟ್ಟಿಯನ್ನು ಚೀಟಿ ಎತ್ತಿ ಆರಿಸಿ. ಇಳಿತದ ಹೊತ್ತಿಗೆ, ನೀರಿನ ಅಂಚಿನಿಂದ ಹಿಂದಿನ ಗಿಡದ ಸಾಲಿನವರೆಗೆ ನಡೆದು, 2.5 ಸೆಂಟಿಮೀಟರಿಗಿಂತ ದೊಡ್ಡದು ಏನಿದ್ದರೂ ಬರೆಯಿರಿ. 28 ದಿನಕ್ಕೊಮ್ಮೆ ಮತ್ತೆ ಅಲ್ಲಿಗೇ ಹೋಗಿ. ಇಷ್ಟೇ.

ಚೀಟಿ ಎತ್ತುವುದು ಯಾಕೆ ಎಂದು ಮೊದಲ ಸಲ ನನಗೂ ಅನಿಸಿತ್ತು. ತಂಗಿಯ ಮಗಳು ಜೊತೆಗೆ ಬಂದಿದ್ದಳು. "ದೊಡ್ಡಮ್ಮ, ಅಲ್ಲಿ ನೋಡಿ, ಎಷ್ಟು ಬಿದ್ದಿದೆ, ಅಲ್ಲೇ ಎಣಿಸೋಣ" ಎಂದಳು. ನನ್ನ ಕಾಲೂ ಆ ಕಡೆಗೇ ಹೊರಟಿತ್ತು. ಚೀಟಿ ಬೇಕಾಗುವುದು ಇದಕ್ಕೇ. ಕಸ ಜಾಸ್ತಿ ಇರುವ ಕಡೆಗೇ ಕಣ್ಣು ಎಳೆಯುತ್ತದೆ. ಅಲ್ಲಿ ಎಣಿಸಿ ಇಡೀ ಬೀಚಿನ ಲೆಕ್ಕ ಹೇಳಿದರೆ ಅದು ಸುಳ್ಳು ಲೆಕ್ಕ. ಆ ದಿನ ಚೀಟಿಯಲ್ಲಿ ಬಂದ ಒಂದು ಪಟ್ಟಿ ಬಹುತೇಕ ಖಾಲಿ ಇತ್ತು. ಆ ಖಾಲಿಯನ್ನೂ ಬರೆದೆವು.

ಇದರಲ್ಲಿ ನನಗೆ ಕಷ್ಟ ಆಗಿದ್ದು ಒಂದೇ. ಆ ನಾಲ್ಕು ಪಟ್ಟಿಗಳಲ್ಲಿ ಕಸವನ್ನು ಎಣಿಸಿ ಅಲ್ಲೇ ಬಿಡಬೇಕು ಎನ್ನುತ್ತದೆ ಆ ವಿಧಾನ. ಎತ್ತಿದರೆ ಮುಂದಿನ ತಿಂಗಳ ಲೆಕ್ಕ ತಪ್ಪುತ್ತದೆ. ಕಣ್ಣೆದುರು ಬಿದ್ದಿದ್ದನ್ನು ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ಅದೇ ಕೈಪಿಡಿಯಲ್ಲಿ ಇನ್ನೊಂದು ದಾರಿಯೂ ಇದೆ. ಇಡೀ 100 ಮೀಟರ್ ಪೂರ್ತಿ ಎತ್ತಿ ಎಣಿಸುವುದು. ಆಗ ಪ್ರತಿ ತಿಂಗಳು ಹೊಸದಾಗಿ ಎಷ್ಟು ಬಂತು ಎಂದು ಸಿಗುತ್ತದೆ. ಮೂರನೇ ತಿಂಗಳಿನಿಂದ ನಾನು ಅದಕ್ಕೆ ಬದಲಾಯಿಸಿದೆ. ಕೆಲಸ ಐದು ಪಟ್ಟು. ಆದರೆ ರಾತ್ರಿ ನಿದ್ದೆ ಬರುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಅವೆರಡರ ಅಂಕಿ ಬೇರೆ ಬೇರೆ ಮಾತು ಹೇಳುತ್ತವೆ.

ಟೇಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 50 ಮೀಟರಿನ ಫೈಬರ್ ಟೇಪು, ತೆರೆದ ಚಕ್ರದ್ದು ತೆಗೆದುಕೊಳ್ಳಿ. ಮುಚ್ಚಿದ ಡಬ್ಬಿಯದ್ದಾದರೆ ಹೊಯ್ಗೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸ್ಟೀಲಿನದ್ದು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ. ಶುರುವಿನ ಗುರುತಿಗೆ ಗೂಟ ನೆಡಬೇಡಿ, ಮಳೆಗಾಲದಲ್ಲಿ ಕಡಲು ಅದನ್ನು ಉಳಿಸುವುದಿಲ್ಲ. ನಾನು ತಡೆಗೋಡೆಯ ಒಂದು ದೊಡ್ಡ ಕಲ್ಲನ್ನು ಗುರುತು ಮಾಡಿಕೊಂಡಿದ್ದೇನೆ.

ತಕ್ಕಡಿ ನನಗೆ ಬೇಸರ ತಂದ ಸಾಮಾನು. ಸೂಟ್‌ಕೇಸ್ ತೂಗಲು ಮಾರುವ ಕೊಕ್ಕೆ ತಕ್ಕಡಿ ಅದು. 50 ಕಿಲೋವರೆಗೆ ತೂಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಮ್ಮ ಕೆಲಸಕ್ಕೆ ಅದೇ ತೊಂದರೆ. ಚಿಪ್ಸ್ ಪ್ಯಾಕೆಟ್ಟುಗಳ ಒಂದು ಸಣ್ಣ ಚೀಲ ತೂಗಿದರೆ ಒಮ್ಮೆ ಒಂದು ಅಂಕಿ, ಇನ್ನೊಮ್ಮೆ ಇನ್ನೊಂದು. ಐದನೇ ತಿಂಗಳಿಗೆ ಬ್ಯಾಟರಿ ಕೂರುವ ಜಾಗ ಹಸಿರುಗಟ್ಟಿತು. ಮಾರಿದ ಅಂಗಡಿಯವರು ಬದಲಿಸಿಕೊಡಲಿಲ್ಲ. ಈಗ ಮನೆಯ ಅಡುಗೆ ತಕ್ಕಡಿಯಲ್ಲಿ ಸಣ್ಣದನ್ನು ತೂಗುತ್ತೇನೆ, ದೊಡ್ಡದಕ್ಕೆ ಹಳೆಯ ಸ್ಪ್ರಿಂಗ್ ತಕ್ಕಡಿ. ಒಂದು ಮಾತು ನೆನಪಿರಲಿ. ಒದ್ದೆ ಕಸವನ್ನು ತೂಗಬೇಡಿ. ಬಲೆಯ ಗಂಟಿನೊಳಗೆ ಕೂತ ಹೊಯ್ಗೆಯ ತೂಕವೇ ಜಾಸ್ತಿ ಇರುತ್ತದೆ. ಕೊಡವಿ, ಎರಡು ದಿನ ಬಿಸಿಲಿಗೆ ಹಾಕಿ, ಆಮೇಲೆ ತೂಗಿ.

ತೂಕ ಬೇಕಾ, ಎಣಿಕೆ ಸಾಕಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಎರಡೂ ಬೇಕು. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ಒಂದು ದೊಡ್ಡ ಗಂಟು ಎಣಿಕೆಯಲ್ಲಿ ಬರೀ ಒಂದು. ತೂಕದಲ್ಲಿ ಉಳಿದ ಎಲ್ಲವನ್ನೂ ಮೀರಿಸುತ್ತದೆ. ಮೀನು ತುಂಬುವ ಒಂದು ಥರ್ಮಾಕೋಲ್ ಪೆಟ್ಟಿಗೆ ಕಲ್ಲಿಗೆ ಬಡಿದು ಪುಡಿಯಾದರೆ ಎಣಿಕೆಯಲ್ಲಿ ನೂರಾರು, ತೂಕದಲ್ಲಿ ಏನೂ ಇಲ್ಲ. ಎಣಿಕೆ ಮಾತ್ರ ನೋಡಿದವರು ಥರ್ಮಾಕೋಲನ್ನು ಬೈಯುತ್ತಾರೆ, ತೂಕ ಮಾತ್ರ ನೋಡಿದವರು ಬಲೆಯನ್ನು ಬೈಯುತ್ತಾರೆ.

ಯುರೋಪಿನವರು 2020ರಲ್ಲಿ ಒಂದು ಮಿತಿ ಇಟ್ಟುಕೊಂಡರು. 100 ಮೀಟರ್ ಬೀಚಿನಲ್ಲಿ 20 ಕಸಕ್ಕಿಂತ ಹೆಚ್ಚಿರಬಾರದು ಎಂದು. ಅದನ್ನು ಓದಿದ ದಿನ ನನ್ನ ಹಾಳೆಯನ್ನು ನೋಡಿ ಸುಮ್ನೆ ಕೂತುಬಿಟ್ಟೆ. ನನ್ನ ಮೊದಲ 5 ಮೀಟರಿನ ಪಟ್ಟಿಯೇ ಆ ಮಿತಿ ದಾಟಿತ್ತು. ಇಸ್ರೇಲಿನವರು ಬಳಕೆಗೆ ತಂದ ಇನ್ನೊಂದು ಸುಲಭ ಅಳತೆ ಇದೆ. ಒಂದು ಚದರ ಮೀಟರಿಗೆ ಎಷ್ಟು ಪ್ಲಾಸ್ಟಿಕ್ ಎಂದು ಲೆಕ್ಕ ಹಾಕಿ 20ರಿಂದ ಗುಣಿಸಿ. 2ರೊಳಗೆ ಬಂದರೆ ತುಂಬಾ ಸ್ವಚ್ಛ, 10 ದಾಟಿದರೆ ಕೊಳಕು, 20 ದಾಟಿದರೆ ತೀರಾ ಕೊಳಕು. ಉದಾಹರಣೆಗೆ 5 ಮೀಟರ್ ಅಗಲ, 30 ಮೀಟರ್ ಉದ್ದದ ಪಟ್ಟಿಯಲ್ಲಿ 60 ತುಂಡು ಸಿಕ್ಕರೆ 150 ಚದರ ಮೀಟರಿಗೆ 60, ಅಂದರೆ 0.4. ಗುಣಿಸಿದರೆ 8. ಮಧ್ಯಮ. ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಐದು ನಿಮಿಷದಲ್ಲಿ ಹಿಡಿಯುತ್ತಾರೆ.

ಈಗ ಭೂತಗನ್ನಡಿ. 140 ರೂಪಾಯಿ ಕೊಟ್ಟೆ. ಈ ಇಡೀ ಚೀಲದಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಜೊತೆಗೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್.

ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಎಷ್ಟು ಬರೆದಿರುತ್ತಾರೆ ಎಂದು ನಾನು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ. ಬಾರ್‌ಕೋಡಿನ ಮೊದಲ ಮೂರು ಅಂಕಿ ನೋಡಿ. 890 ಎಂದಿದ್ದರೆ ಆ ಕಂಪನಿ ನಂಬರನ್ನು ಭಾರತದಲ್ಲಿ ಪಡೆದಿದೆ. 479 ಶ್ರೀಲಂಕಾ, 899 ಇಂಡೋನೇಷ್ಯಾ, 955 ಮಲೇಷ್ಯಾ, 629 ಯುಎಇ. ಎಲ್ಲಿ ತಯಾರಾಯಿತು, ಎಲ್ಲಿ ಎಸೆದರು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ನಂಬರ್ ಎಲ್ಲಿ ಪಡೆದರು ಎಂದು ಮಾತ್ರ ಹೇಳುತ್ತದೆ. ಬೇರೆ ಗುರುತುಗಳ ಜೊತೆ ಸೇರಿಸಿ ಓದಬೇಕು.

ತಿನ್ನುವ ಸಾಮಾನಾದರೆ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ, ಅದು ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್, 14 ಅಂಕಿ. ಎರಡನೇ ಮತ್ತು ಮೂರನೇ ಅಂಕಿ ರಾಜ್ಯದ್ದು, ನಂತರದ ಎರಡು ವರ್ಷದ್ದು. 112 ಎಂದು ಶುರುವಾದರೆ ಕರ್ನಾಟಕದ ಲೈಸೆನ್ಸ್. 113 ಕೇರಳ, 115 ಮಹಾರಾಷ್ಟ್ರ. 100 ಎಂದಿದ್ದರೆ ಕೇಂದ್ರದ ಲೈಸೆನ್ಸ್, ದೊಡ್ಡ ಕಂಪನಿಗಳದ್ದು. ದೊಡ್ಡ ಕಂಪನಿಯ ಬಿಸ್ಕತ್ತು ದೇಶದ ಎಲ್ಲಾ ಮೂಲೆಯಲ್ಲೂ ಸಿಗುತ್ತದೆ, ಅದರಿಂದ ಹೆಚ್ಚು ತಿಳಿಯುವುದಿಲ್ಲ. ಊರಿನ ಬೇಕರಿಯ ರಸ್ಕ್ ಪ್ಯಾಕೆಟ್ ಸಿಕ್ಕರೆ ಹಾಗಲ್ಲ. ಅದು ಮಾರಾಟವಾಗುವುದೇ ಇಪ್ಪತ್ತು ಮೂವತ್ತು ಕಿಲೋಮೀಟರಿನೊಳಗೆ. ಹಾಲಿನ ಪ್ಯಾಕೆಟ್ಟೂ ಹಾಗೇ. ತಯಾರಾದ ದಿನಾಂಕವೂ ಇದ್ದರೆ, ಅದು ಕಸವಾದದ್ದು ಆ ದಿನದ ನಂತರ ಎಂದು ಗ್ಯಾರಂಟಿ.

ಇದನ್ನೆಲ್ಲ ಬರೆಯುತ್ತಾ ಹೋದಾಗ ನನ್ನ ಟೂರಿಸ್ಟ್ ಖಾತೆ ಕರಗುತ್ತಾ ಬಂತು. ಫೆಬ್ರವರಿ, ಮಾರ್ಚಿನಲ್ಲಿ ಸಿಕ್ಕಿದ್ದು ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು, ಚಮಚ, ಚಿಪ್ಸ್ ಪ್ಯಾಕೆಟ್. ಇವು ಬೀಚಿಗೆ ಬಂದವರದ್ದೇ ಇರಬೇಕು. ಹೊಸದಾಗಿವೆ, ಬಣ್ಣ ಮಾಸಿಲ್ಲ, ಗಾಳಿಮರದ ನೆರಳಲ್ಲೇ ಬಿದ್ದಿವೆ. ಮೊದಲ ಮಳೆ ಬಿದ್ದ ಮೇಲೆ ಹಾಳೆಯ ಮುಖವೇ ಬದಲಾಯಿತು. ಶ್ಯಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಹಾಲಿನ ಪ್ಯಾಕೆಟ್, ಮಾತ್ರೆಯ ಪಟ್ಟಿ, ಇಯರ್‌ಬಡ್ ಕಡ್ಡಿ, ಮಗುವಿನ ಚಪ್ಪಲಿ. ಬೀಚಿಗೆ ಬಂದು ಯಾರು ತಲೆ ತೊಳೆಯುತ್ತಾರೆ? ಇವು ಮನೆಗಳಿಂದ ಬಂದವು. ಚರಂಡಿಗೆ, ತೋಡಿಗೆ, ಹೊಳೆಗೆ, ಅಳಿವೆಗೆ, ಅಲ್ಲಿಂದ ಕಡಲಿಗೆ. ಕಡಲು ವಾಪಸ್ ಕೊಟ್ಟಿತು. ಅದರಲ್ಲಿ ನಮ್ಮ ಮನೆಯದ್ದೂ ಇರಬಹುದು ಎಂದು ಅನಿಸಿದಾಗ ತುಂಬಾ ನೋವಾಯಿತು.

ಪ್ರಪಂಚದ ಲೆಕ್ಕವೂ ಹೀಗೇ ಇದೆ. 2021ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಹೊಳೆಗಳ ಮೂಲಕ ಕಡಲಿಗೆ ಹೋಗುವ ಪ್ಲಾಸ್ಟಿಕ್ಕಿನ 80 ಶೇಕಡಾವನ್ನು ಸಾಗಿಸುವುದು ಸಾವಿರಕ್ಕೂ ಹೆಚ್ಚು ಹೊಳೆಗಳು. ಅದಕ್ಕೂ ಮುಂಚೆ ಎಲ್ಲರೂ ಬೆರಳೆಣಿಕೆಯ ದೊಡ್ಡ ನದಿಗಳ ಹೆಸರನ್ನೇ ಹೇಳುತ್ತಿದ್ದರು. ಊರಿನ ಹತ್ತಿರ ಹರಿಯುವ ಸಣ್ಣ ಹೊಳೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಮ್ಮೆ ನೀರಿಗೆ ಬಿದ್ದದ್ದು ಎಷ್ಟು ದೂರ ಹೋಗುತ್ತದೆ ಗೊತ್ತಾ? ಗಂಗಾ ನದಿಯಲ್ಲೂ ಬಂಗಾಳ ಕೊಲ್ಲಿಯಲ್ಲೂ ವಿಜ್ಞಾನಿಗಳು ಪ್ಲಾಸ್ಟಿಕ್ ಬಾಟಲಿಯೊಳಗೆ ಜಿಪಿಎಸ್ ಇಟ್ಟು ಬಿಟ್ಟರು. ಅದರಲ್ಲಿ ಒಂದು 94 ದಿನದಲ್ಲಿ 2,845 ಕಿಲೋಮೀಟರ್ ಹೋಯಿತು. ಈ ಅಧ್ಯಯನ ಬಂದಿದ್ದು 2020ರಲ್ಲಿ.

ಹೊರದೇಶದ ಬಾಟಲಿ ಸಿಕ್ಕರೆ ಬೇರೆ ಥರ ಯೋಚಿಸಬೇಕು. ದಕ್ಷಿಣ ಅಟ್ಲಾಂಟಿಕ್ ಕಡಲಿನ ನಡುವೆ ಇನ್ಆ್ಯಕ್ಸೆಸಿಬಲ್ ಎಂಬ ದ್ವೀಪ ಇದೆ. ಅಲ್ಲಿ ಯಾರೂ ವಾಸ ಇಲ್ಲ. ಅಲ್ಲಿ ಬಿದ್ದ ಬಾಟಲಿಗಳ ತಳದ ದಿನಾಂಕ ಓದಿದ ಸಂಶೋಧಕರು 2019ರಲ್ಲಿ ಹೇಳಿದ್ದು ಇದು: ಹೆಚ್ಚಿನವು ಏಷ್ಯಾದ ಬಾಟಲಿಗಳು, ತಯಾರಾಗಿ ಹೆಚ್ಚು ದಿನ ಆಗಿಲ್ಲ. ಏಷ್ಯಾದಿಂದ ತೇಲಿ ಅಲ್ಲಿ ಮುಟ್ಟಲು ಅಷ್ಟು ಸಮಯ ಸಾಲುವುದಿಲ್ಲ. ಹಾಗಾದರೆ ಹಡಗುಗಳಿಂದಲೇ ಎಸೆದಿರಬೇಕು. ಹಡಗಿನಿಂದ ಪ್ಲಾಸ್ಟಿಕ್ ಎಸೆಯಬಾರದು ಎಂಬ ಅಂತರರಾಷ್ಟ್ರೀಯ ನಿಯಮ 1988ರ ಕೊನೆಯಿಂದ ಜಾರಿಯಲ್ಲಿದೆ. ಆದರೂ ದಿನಾಂಕ ಸುಳ್ಳು ಹೇಳಲಿಲ್ಲ. ನನ್ನ ಬಳಿಯೂ ಅಂಥ ಕೆಲವು ಬಾಟಲಿಗಳಿವೆ. ಅವುಗಳನ್ನು ಎಸೆಯದೆ ಬೇರೆ ಚೀಲದಲ್ಲಿ ಇಟ್ಟಿದ್ದೇನೆ.

ಬಾಟಲಿಯ ಮೇಲೆ ಜೀವಿಗಳು ಅಂಟಿದ್ದರೆ ಉಜ್ಜುವ ಮುಂಚೆ ಫೋಟೋ ತೆಗೆಯಿರಿ. ಕುತ್ತಿಗೆ ಥರ ಮೆತ್ತನೆ ತೊಟ್ಟು, ತುದಿಯಲ್ಲಿ ಬಿಳಿ ಚಿಪ್ಪು ಇರುವ ಬಾರ್ನಕಲ್ ಎಂಬ ಜೀವಿ ಕಂಡರೆ ಆ ವಸ್ತು ಕಡಲಲ್ಲಿ ತೇಲುತ್ತಾ ಸಮಯ ಕಳೆದಿದೆ ಎಂದರ್ಥ. ಚಿಪ್ಪು ದೊಡ್ಡದಾದಷ್ಟೂ ಹೆಚ್ಚು ದಿನ. ಕಾಣೆಯಾದ ಮಲೇಷ್ಯಾ ವಿಮಾನದ ರೆಕ್ಕೆಯ ತುಂಡು 2015ರ ಜುಲೈಯಲ್ಲಿ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಾಗ ವಿಜ್ಞಾನಿಗಳು ನೋಡಿದ್ದೂ ಇದೇ ಜಾತಿಯ ಚಿಪ್ಪುಗಳನ್ನೇ.

ಬಕೆಟ್ಟಿಗೆ ಕಡಲ ನೀರು ತುಂಬಿ ತುಂಡುಗಳನ್ನು ಹಾಕುವುದು ನನಗೆ ಇಷ್ಟದ ಕೆಲಸ. ಬಾಟಲಿ ಮುಚ್ಚಳ, ಹಾಲಿನ ಪ್ಯಾಕೆಟ್, ಹಗ್ಗ ತೇಲುತ್ತವೆ. ಅವು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್, ನೀರಿಗಿಂತ ಹಗುರ. ನೀರಿನ ಬಾಟಲಿಯ ತುಂಡು ಮುಳುಗುತ್ತದೆ, ಪೆಟ್ ಎಂಬ ಆ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳ ಹಾಕಿದ ಇಡೀ ಬಾಟಲಿ ತೇಲುವುದು ಒಳಗಿನ ಗಾಳಿಯಿಂದ. ಬಲೆಯ ವಿಷಯದಲ್ಲಿ ಇದು ತುಂಬಾ ಉಪಯೋಗ. ನೈಲಾನ್ ದಾರ ಮುಳುಗುತ್ತದೆ, ಟ್ರಾಲ್ ಬಲೆಯ ಎಚ್‌ಡಿಪಿಇ ಎಂಬ ಪಾಲಿಎಥಿಲೀನ್ ದಾರ ತೇಲುತ್ತದೆ. ದಡದಲ್ಲಿ ನೈಲಾನ್ ಸಿಕ್ಕರೆ ಅದು ತುಂಬಾ ದೂರದಿಂದ ತೇಲಿ ಬಂದಿರುವ ಸಾಧ್ಯತೆ ಕಡಿಮೆ. ತೇಲುವ ದಾರ ಎಲ್ಲಿಂದ ಬೇಕಾದರೂ ಬಂದಿರಬಹುದು.

ಜರಡಿಗಳನ್ನು ಕೊಂಡಾಗ ಅವು ಹೆಚ್ಚಿಗೆ ಆಯಿತು ಅನಿಸಿತ್ತು. ಗಾರೆಯವರು ಬಳಸುವ 5 ಮಿಲಿಮೀಟರಿನದ್ದು ಒಂದು, 1 ಮಿಲಿಮೀಟರಿನದ್ದು ಒಂದು. ಸಬ್ಬಕ್ಕಿಯಂಥ ಪ್ಲಾಸ್ಟಿಕ್ ಹರಳುಗಳನ್ನು ಹುಡುಕಲು ಇವು ಬೇಕು. ಹೆಚ್ಚಿನ ಪ್ಲಾಸ್ಟಿಕ್ ಸಾಮಾನು ಮೊದಲು ಈ ಹರಳಿನ ರೂಪದಲ್ಲೇ ಕಾರ್ಖಾನೆಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ನರ್ಡಲ್ ಎನ್ನುತ್ತಾರೆ. 2021ರಲ್ಲಿ ಕೊಲಂಬೋ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಹಡಗು ಸುಟ್ಟು ಮುಳುಗಿದಾಗ ಸುಮಾರು 1,680 ಟನ್ ಹರಳು ಕಡಲು ಸೇರಿತು.

ನಾನು ಜರಡಿ ಕೊಂಡು ಮೂರು ತಿಂಗಳಾಗಿತ್ತು. 2025ರ ಮೇ 25ರಂದು ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳ ಸಮೇತ ಮುಳುಗಿತು. ಕೆಲವೇ ದಿನದಲ್ಲಿ ತಿರುವನಂತಪುರದ ಬೀಚುಗಳಲ್ಲಿ ಬಿಳಿ ಹರಳು ರಾಶಿ ಬಿದ್ದ ಫೋಟೋಗಳು ಬಂದವು. ಆ ಜೂನ್ ತಿಂಗಳು ನಾನು ಪಟ್ಟ ಹೆದರಿಕೆ ಹೇಳಲಾರೆ. ಮಳೆಯಲ್ಲೇ ಛತ್ರಿ ಹಿಡಿದು ಹೋಗಿ ಜರಡಿ ಹಿಡಿಯುತ್ತಿದ್ದೆ. ನಮ್ಮಲ್ಲಿ ಅಂಥ ರಾಶಿ ಬೀಳಲಿಲ್ಲ. ಯಾಕೆ ಎಂದು ಓದಿದಾಗ ತಿಳಿಯಿತು. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ನೀರಿನ ಸೆಳೆತ ಉತ್ತರದಿಂದ ದಕ್ಷಿಣಕ್ಕೆ. ಚಳಿಗಾಲದಲ್ಲಿ ಅದು ತಿರುಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಎಲ್ಸಾದ ಹರಳು ಕೇರಳದ ದಕ್ಷಿಣಕ್ಕೆ, ತಮಿಳುನಾಡಿನ ಕಡೆಗೆ ಹೋಗಿದ್ದು ಇದಕ್ಕೇ. ಮೈದುನನಿಗೆ ಹೇಳಿದರೆ, "ಇದನ್ನು ನನ್ನ ಹತ್ತಿರ ಕೇಳಿದ್ದರೆ ಆಗಲೇ ಹೇಳುತ್ತಿದ್ದೆನಲ್ಲ ಅತ್ತಿಗೆ" ಎಂದ. ಅವನು ಮಲ್ಪೆಯಲ್ಲಿ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ನೀರಿನ ಸೆಳೆತ ಅವನಿಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಅಂದಿನಿಂದ ನನ್ನ ಹಾಳೆಯಲ್ಲಿ ನೀರಿನ ಸೆಳೆತಕ್ಕೂ ಗಾಳಿಯ ದಿಕ್ಕಿಗೂ ಒಂದೊಂದು ಕಾಲಂ ಸೇರಿದೆ. ಡಿಸೆಂಬರಿನಲ್ಲಿ ಮಲಯಾಳಂ ಅಕ್ಷರದ ಪ್ಯಾಕೆಟ್ ಸಿಕ್ಕರೆ ಅದು ತೇಲಿ ಬಂದಿದ್ದಾ, ಪ್ರವಾಸಕ್ಕೆ ಬಂದವರ ಬಸ್ಸಿನಿಂದ ಬಿದ್ದಿದ್ದಾ ಎಂದು ಎರಡೂ ಕಡೆ ಯೋಚಿಸುತ್ತೇನೆ.

ಆ್ಯಪ್ ಬಗ್ಗೆ. ನಾನು ಮೊದಲು ಬಳಸಿದ ಒಂದು ಆ್ಯಪ್ ಒಂದು ಬೆಳಗಿನ ಪೂರ್ತಿ ಎಣಿಕೆಯನ್ನು ನುಂಗಿಬಿಟ್ಟಿತು. ಅವತ್ತು ಅಳು ಬಂತು. ಆಮೇಲೆ ಮರೀನ್ ಡೆಬ್ರಿ ಟ್ರ್ಯಾಕರ್ ಹಾಕಿಕೊಂಡೆ. ಇದನ್ನು 2010ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಜೆನ್ನಾ ಜಾಂಬೆಕ್ ಮತ್ತು ಅವರ ಸಹೋದ್ಯೋಗಿ ಸೇರಿ ಮಾಡಿದರು, ನೋವಾ ನೆರವಿನಿಂದ. 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ಭೂಮಿಯಿಂದ ಕಡಲಿಗೆ ಹೋಯಿತು ಎಂದು 2015ರಲ್ಲಿ ಲೆಕ್ಕ ಹಾಕಿ ಹೇಳಿದ ತಂಡದ ಮುಂದಾಳೂ ಈ ಜಾಂಬೆಕ್ ಅವರೇ. ಆ್ಯಪ್ ಉಚಿತ. ಪಟ್ಟಿಯಲ್ಲಿ ವಸ್ತುವಿನ ಹೆಸರು ಒತ್ತಿದರೆ ಜಾಗದ ಗುರುತಿನ ಜೊತೆ ದಾಖಲಾಗುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಸೇರಿದ ಮಾಹಿತಿಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ನನಗೆ ಅದು ದೊಡ್ಡ ಗುಣ. ನನ್ನ ಲೆಕ್ಕ ನನ್ನ ಕಪಾಟಿನಲ್ಲಿ ಕೊಳೆಯುವುದಿಲ್ಲ.

ಆದರೂ ಕಾಗದ ಬಿಡಬೇಡಿ. ಒದ್ದೆ ಬೆರಳಿಗೆ ಫೋನಿನ ಪರದೆ ಕೆಲಸ ಮಾಡುವುದಿಲ್ಲ, ಒಂಬತ್ತು ಗಂಟೆಯ ಬಿಸಿಲಿಗೆ ಏನೂ ಕಾಣುವುದಿಲ್ಲ. ತಂಗಿಯ ಮಗಳು ಗೆರೆ ಹಾಕುತ್ತಾ ಹೋಗುತ್ತಾಳೆ, ನಾಲ್ಕು ಗೆರೆಗೆ ಒಂದು ಅಡ್ಡಗೆರೆ. ಮನೆಗೆ ಬಂದು ತಾಳೆ ನೋಡುತ್ತೇವೆ. ನಮ್ಮ ಹಾಳೆಗೆ ನಮ್ಮದೇ ಸಾಲುಗಳನ್ನೂ ಸೇರಿಸಿದ್ದೇವೆ: ಗುಟ್ಕಾ ಚೀಟಿ, ಶ್ಯಾಂಪೂ ಸ್ಯಾಶೆ, ಪೂಜೆ ಸಾಮಾನಿನ ಕವರ್, ಹಾಲಿನ ಪ್ಯಾಕೆಟ್ಟಿನ ಮೂಲೆ. ಈ ಕೊನೆಯದು ನನಗೆ ತುಂಬಾ ಸಿಟ್ಟು ತರಿಸುವ ವಸ್ತು. ಪ್ಯಾಕೆಟ್ ಕತ್ತರಿಸುವಾಗ ಬೀಳುವ ಆ ಪುಟ್ಟ ತ್ರಿಕೋನ 2.5 ಸೆಂಟಿಮೀಟರಿಗಿಂತ ಚಿಕ್ಕದು. ನಿಯಮದ ಪ್ರಕಾರ ಅದು ಲೆಕ್ಕಕ್ಕೇ ಇಲ್ಲ. ನಾನು ಬೇರೆ ಸಾಲಿನಲ್ಲಿ ಎಣಿಸುತ್ತೇನೆ. ದಯವಿಟ್ಟು ಪೂರ್ತಿ ಕತ್ತರಿಸಬೇಡಿ. ಸೀಳು ಮಾಡಿ ಬಿಡಿ, ಮೂಲೆ ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ.

ಹೆಸರೇ ಇಲ್ಲದ ತುಂಡುಗಳ ಬಗ್ಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. 84 ದೇಶಗಳಲ್ಲಿ 2018ರಿಂದ 2022ರವರೆಗೆ ಸ್ವಯಂಸೇವಕರು ಎಣಿಸಿದ 18 ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಕಸದ ಲೆಕ್ಕ 2024ರಲ್ಲಿ ಹೊರಬಂತು. ಅರ್ಧಕ್ಕಿಂತ ಜಾಸ್ತಿ ತುಂಡುಗಳ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಹೆಸರು ಇದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ 56 ಕಂಪನಿಗಳದ್ದು. ನನ್ನ ಹಾಳೆಯಲ್ಲೂ "ಗುರುತು ಇಲ್ಲ" ಎಂಬ ಸಾಲೇ ಉದ್ದ. ಮೊದಮೊದಲು ಅದನ್ನು ಸೋಲು ಅಂದುಕೊಂಡಿದ್ದೆ.

ಆ ಸಾಲಿನಿಂದಲೇ ಈ ವರ್ಷದ ಮುಖ್ಯ ವಿಷಯ ಸಿಕ್ಕಿತು. ನೀಲಿ, ಹಸಿರು ಬಣ್ಣದ ದಾರದ ತುಂಡುಗಳು. ಬೆರಳಷ್ಟು ಉದ್ದ. ಪ್ರತಿ ತಿಂಗಳೂ ಇರುತ್ತಿದ್ದವು. ಹರಿದ ಬಲೆ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಒಂದು ದಿನ ಭೂತಗನ್ನಡಿ ಹಿಡಿದು ತುದಿ ನೋಡಿದೆ. ಎರಡೂ ತುದಿ ನೇರವಾಗಿ ಕತ್ತರಿಸಿದ ಹಾಗಿತ್ತು. ಕಲ್ಲಿಗೆ ಉಜ್ಜಿ ಹರಿದರೆ ತುದಿ ನಾರುನಾರಾಗುತ್ತದೆ. ಇವು ಹಾಗಿರಲಿಲ್ಲ.

ಸಂಜೆ ಮೈದುನ ಮನೆಗೆ ಬಂದಾಗ ಒಂದು ಹಿಡಿ ತುಂಡನ್ನು ಪೇಪರಿನ ಮೇಲೆ ಹಾಕಿ ತೋರಿಸಿದೆ. ಚಹಾ ಕೆಳಗಿಟ್ಟು ಒಂದೊಂದಾಗಿ ತಿರುಗಿಸಿ ನೋಡಿದ.

"ಇದು ಹರಿದದ್ದಲ್ಲ ಅತ್ತಿಗೆ. ಬಲೆ ಹೊಲಿಯುವಾಗ ಕತ್ತರಿಸಿ ಬಿಡುವ ತುದಿ."

"ಬಿಡುವುದು ಅಂದರೆ ಎಲ್ಲಿ ಬಿಡುತ್ತೀರಿ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬೋಟಿನಲ್ಲಿ ಹೊಲಿದರೆ ನೀರಿಗೇ ಹೋಗುತ್ತದೆ. ಬಂದರಿನ ದಕ್ಕೆಯಲ್ಲಿ ಹೊಲಿದರೆ ಗುಡಿಸುವಾಗ ನೀರಿಗೆ ಹೋಗುತ್ತದೆ. ಇಷ್ಟು ಸಣ್ಣದನ್ನು ಯಾರೂ ಕಸ ಅಂತ ನೋಡುವುದೇ ಇಲ್ಲ."

ಅವನು ಸುಳ್ಳು ಹೇಳಲಿಲ್ಲ, ನನಗೆ ಅದೇ ದೊಡ್ಡದು. ಮೀನುಗಾರರ ಸಂಘದಲ್ಲಿ ಜೀವನ ಕಳೆದವಳು ನಾನು. ನಮ್ಮವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹೊಳೆಯ ಕಸ ಬಲೆಗೆ ಸಿಕ್ಕಿ ನಷ್ಟ ಅನುಭವಿಸುವವರೂ ಅವರೇ. ಮೀನಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಬಂದ ದಿನಗಳ ಕತೆಯನ್ನು ಅವನೇ ಹೇಳಿದ್ದಾನೆ. ಅಂಥವನ ಮುಂದೆ ಸುಮ್ನೆ "ಬೋಟಿನವರು ಕಸ ಹಾಕುತ್ತಾರೆ" ಎಂದಿದ್ದರೆ ಜಗಳ ಆಗುತ್ತಿತ್ತು. ತುಂಡನ್ನು ಕೈಗೆ ಕೊಟ್ಟಾಗ ಜಗಳಕ್ಕೆ ಜಾಗವೇ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳ ಮೀನುಗಾರಿಕೆಗೆ ರಜೆ ಇರುತ್ತದೆ. ಆಗ ದಡದಲ್ಲಿ ಬಲೆ ರಿಪೇರಿಯೇ ದೊಡ್ಡ ಕೆಲಸ. ಆಗಸ್ಟಿನ ಹಾಳೆಯಲ್ಲಿ ಆ ನೀಲಿ ತುಂಡಿನ ಗೆರೆಗಳು ಯಾಕೆ ಅಷ್ಟು ಉದ್ದ ಇದ್ದವು ಎಂದು ಆಗ ಅರ್ಥವಾಯಿತು.

ಇಷ್ಟೆಲ್ಲ ಆದ ಮೇಲೆ ನನ್ನ ಅಭಿಪ್ರಾಯ. ಭೂತಗನ್ನಡಿ, ಬ್ರಷ್, ಬರೆಯುವ ಹಲಗೆ ಇಂದೇ ಕೊಳ್ಳಿ, 250 ರೂಪಾಯಿಯೊಳಗೆ ಮುಗಿಯುತ್ತದೆ. ಟೇಪು ಎರಡನೆಯದು. ಸೂಟ್‌ಕೇಸ್ ತಕ್ಕಡಿ ಬೇಡವೇ ಬೇಡ. ಜರಡಿ ಬಂದರು, ಕಾರ್ಖಾನೆ ಹತ್ತಿರ ಇರುವವರಿಗೆ ಬೇಕೇ ಬೇಕು, ಉಳಿದವರು ಕಾಯಬಹುದು. ಆ್ಯಪ್ ಹಾಕಿಕೊಳ್ಳಿ, ಕಾಗದವನ್ನೂ ಇಟ್ಟುಕೊಳ್ಳಿ. ಇಬ್ಬರು ಇದ್ದರೆ 100 ಮೀಟರಿಗೆ ಎರಡರಿಂದ ಮೂರು ಗಂಟೆ. ಒಬ್ಬರೇ ಹೋಗಬೇಡಿ. ಬಾಗಿ ಎದ್ದು ಸೊಂಟ ಹಿಡಿಯುತ್ತದೆ, ಮಳೆಗಾಲದ ಅಲೆ ಹೇಳದೆ ಬರುತ್ತದೆ. ಸಿರಿಂಜು, ಗಾಜು ಸಿಗುತ್ತವೆ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ಒಂದು ಸಲ ಎಣಿಸಿ ಬಿಡುವುದಾದರೆ ಇದಕ್ಕೆ ದುಡ್ಡು ಹಾಕಬೇಡಿ. ಒಂದು ವರ್ಷ ಬೇಕು. ಮಳೆಗೆ ಮುಂಚೆ, ಮಳೆಯಲ್ಲಿ, ಮಳೆಯ ನಂತರ, ಚಳಿಯಲ್ಲಿ, ನಾಲ್ಕು ಮುಖವನ್ನೂ ನೋಡಬೇಕು. ನಾನು ಹನ್ನೊಂದು ಸಲ ಎಣಿಸಿದ್ದೇನೆ, ಜುಲೈಯಲ್ಲಿ ಕಡಲು ಬಿಡಲಿಲ್ಲ.

ಕಳೆದ ತಿಂಗಳು ಮೈದುನ ಬೋಟಿನಲ್ಲಿ ಅಕ್ಕಿಯ ಖಾಲಿ ಚೀಲವೊಂದನ್ನು ಕಟ್ಟಿದ್ದಾನೆ. ಬಲೆ ಹೊಲಿಯುವವರು ಕತ್ತರಿಸಿದ ತುದಿಯನ್ನು ಅದರೊಳಗೆ ಹಾಕಬೇಕು ಎಂದು ಹುಡುಗರಿಗೆ ಹೇಳಿದ್ದಾನಂತೆ. ಮೊನ್ನೆ ಮನೆಗೆ ತಂದ. ಅಡುಗೆ ತಕ್ಕಡಿಯಲ್ಲಿ ತೂಗಿದೆವು, 1 ಕಿಲೋ 300 ಗ್ರಾಂ. ಕೈಯಲ್ಲಿ ಹಾಳೆ ಹಿಡಿದು ಎಲ್ಲಿ ಬರೆಯುವುದು ಎಂದು ನೋಡಿದೆ. ಬೀಚಿಗೆ ಬಾರದ ಕಸಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ. ಹೊಸ ಪುಟ ತೆಗೆದು, ಮೇಲೆ ದಿನಾಂಕ ಹಾಕಿ, ಬೋಟಿನ ಹೆಸರು ಬರೆದು, ತೂಕ ಬರೆದಿಟ್ಟೆ.